ಸಿಸ್ಟಂ ಕಾಲ್ ನಿರ್ವಹಣೆ

ಬಳಕೆದಾರ ಸ್ಥಿತಿಯಲ್ಲಿ ಓಡುತ್ತಿರುವ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನಿಂದ ಒಂದು ಸೇವೆಯನ್ನು ಕೋರಿದಾಗ ಪ್ರೊಸೆಸರನ್ನು ಕರ್ನೆಲ್ ಸ್ಥಿತಿಗೆ ತಂದು, ಕೋರಿಕೆಯನ್ನು ಪರಿಶೀಲಿಸಿ ನೆರವೇರಿಸಿ, ಫಲಿತಾಂಶದೊಡನೆ ನಿಯಂತ್ರಣವನ್ನು ಪ್ರೋಗ್ರಾಮಿಗೆ ಮರಳಿಸುವ ಕರ್ನೆಲ್‌ನ ಕೆಳಹಂತದ ಕಾರ್ಯವಿಧಾನಕ್ಕೆ ಸಿಸ್ಟಂ ಕಾಲ್ ನಿರ್ವಹಣೆ ಎಂದು ಹೆಸರು. ಇದರ ಮೊದಲ ಮತ್ತು ಕೊನೆಯ ಭಾಗಗಳನ್ನು ಅಸೆಂಬ್ಲಿ ಭಾಷೆಯಲ್ಲಿಯೂ ನಡುವಿನ ಭಾಗವನ್ನು ಸಾಮಾನ್ಯವಾಗಿ ಸಿ ಭಾಷೆಯಲ್ಲಿಯೂ ಬರೆಯುತ್ತಾರೆ. ಪ್ರೊಸೆಸರಿನಿಂದ ಪ್ರೊಸೆಸರಿಗೆ ವಿವರಗಳು ಬದಲಾಗುವುದರಿಂದ ಈ ಲೇಖನದಲ್ಲಿ ಎಕ್ಸ್86-64 ಪ್ರೊಸೆಸರಿನ ಮೇಲೆ ಓಡುವ ಲಿನಕ್ಸ್ ಕರ್ನೆಲ್ಲನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದೆ. ಇತರ ವ್ಯವಸ್ಥೆಗಳನ್ನು ಅವು ಭಿನ್ನವಾಗುವ ಕಡೆ ಮಾತ್ರ ಹೇಳಿದೆ.

ಪದಬಳಕೆ

ಪ್ರೊಸೆಸರು ಎಲ್ಲ ಯಂತ್ರಾದೇಶಗಳನ್ನೂ ಎಲ್ಲ ಮೆಮೊರಿಯನ್ನೂ ಬಳಸಬಲ್ಲ ಸ್ಥಿತಿ ಕರ್ನೆಲ್ ಸ್ಥಿತಿ. ಅವುಗಳಲ್ಲಿ ಕೆಲವನ್ನು ಯಂತ್ರವೇ ತಡೆಹಿಡಿಯುವ ಸ್ಥಿತಿ ಬಳಕೆದಾರ ಸ್ಥಿತಿ. ಎಕ್ಸ್86 ಕುಟುಂಬದಲ್ಲಿ ಇವನ್ನು ಕ್ರಮವಾಗಿ ರಿಂಗ್ 0, ರಿಂಗ್ 3 ಎನ್ನುತ್ತಾರೆ. ಮೊದಲನೆಯ ಸ್ಥಿತಿಗೆ ಏರಲು ಪ್ರೋಗ್ರಾಂ ಬಳಸುವ ವಿಶೇಷ ಯಂತ್ರಾದೇಶಕ್ಕೆ ಟ್ರ್ಯಾಪ್ ಆದೇಶ ಎಂಬುದು ಸಾಮಾನ್ಯ ಹೆಸರು. ಹೊರಗಿನ ಸಾಧನಗಳಿಂದ ಯಾವಾಗ ಬೇಕಾದರೂ ಬರುವ ಇಂಟರಪ್ಟ್ ಬೇರೆ, ಪ್ರೋಗ್ರಾಂ ತಾನೇ ಕೇಳಿ ಬರಿಸಿಕೊಳ್ಳುವ ಟ್ರ್ಯಾಪ್ ಬೇರೆ.

ಸಾಮಾನ್ಯ ಫಂಕ್ಷನ್ ಕರೆಯಲ್ಲಿ ಎಲ್ಲಿಗೆ ನೆಗೆಯಬೇಕೆಂಬ ವಿಳಾಸವನ್ನು ಕರೆಯುವವರೇ ಕೊಡುತ್ತಾರೆ. ಸಿಸ್ಟಂ ಕಾಲ್‌ನಲ್ಲಿ ಆ ಸ್ವಾತಂತ್ರ್ಯವಿಲ್ಲ. ಪ್ರೋಗ್ರಾಂ ಕೊಡುವುದು ಒಂದು ಸಂಖ್ಯೆ ಮಾತ್ರ. ನೆಗೆಯುವ ವಿಳಾಸವನ್ನು ಯಂತ್ರ ಚಾಲೂ ಆಗುವಾಗಲೇ ಕರ್ನೆಲ್ ಗೊತ್ತುಪಡಿಸಿರುತ್ತದೆ. ಇಡೀ ರಕ್ಷಣಾ ವ್ಯವಸ್ಥೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಸಿ ಲೈಬ್ರರಿಯ ಫಂಕ್ಷನ್‌ಗಳನ್ನು ಸಿಸ್ಟಂ ಕಾಲ್ ಎಂದು ಕರೆಯುವುದು ರೂಢಿಯಲ್ಲಿದ್ದರೂ ಅದು ಸಡಿಲವಾದ ಬಳಕೆ. ಲೈಬ್ರರಿಯ ರೈಟ್ ಎಂಬುದು ಅದೇ ಹೆಸರಿನ ಸಿಸ್ಟಂ ಕಾಲ್‌ಗೆ ತೊಡಿಸಿದ ತೆಳು ಹೊದಿಕೆ. ಪ್ರಿಂಟ್‌ಎಫ್ ಸಿಸ್ಟಂ ಕಾಲ್ ಅಲ್ಲ, ಅದು ಅಕ್ಷರಗಳನ್ನು ಕೂಡಿಹಾಕಿ ಬೇಕಾದಾಗ ರೈಟನ್ನು ಕರೆಯುತ್ತದೆ. ಮ್ಯಾಲಕ್ ಕೂಡ ಹಾಗೆಯೇ: ಕೈಯಲ್ಲಿರುವ ಮೆಮೊರಿ ಸಾಲದಿದ್ದಾಗ ಮಾತ್ರ ಬಿಆರ್‌ಕೆ ಅಥವಾ ಎಂಮ್ಯಾಪ್ ಮೂಲಕ ಕರ್ನೆಲ್ಲಿಗೆ ಮೊರೆಹೋಗುತ್ತದೆ.

ಮೂಲ ಮತ್ತು ಬೆಳವಣಿಗೆ

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಕಂಪ್ಯೂಟರಿನಲ್ಲಿ ಎಕ್ಸ್‌ಟ್ರಾಕೋಡ್ ಎಂಬ ಆದೇಶಗಳಿದ್ದವು. ನೋಡಲು ಸಾಮಾನ್ಯ ಯಂತ್ರಾದೇಶದಂತಿದ್ದರೂ ಅವು ಸ್ಥಿರ ಮೆಮೊರಿಯಲ್ಲಿದ್ದ ಉಪಕ್ರಮಗಳನ್ನು ಓಡಿಸುತ್ತಿದ್ದವು. ಅವುಗಳಲ್ಲಿ ಕೆಲವು ಸೂಪರ್‌ವೈಸರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮಿನ ಸೇವೆಗಳಿಗೆ ದಾರಿಯಾಗಿದ್ದವು. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360 ಈ ಕೆಲಸಕ್ಕೆಂದೇ ಎಸ್‌ವಿಸಿ ಎಂಬ ಆದೇಶವನ್ನು ಕೊಟ್ಟಿತು. ಆದೇಶದೊಳಗೇ 8 ಬಿಟ್‌ಗಳಲ್ಲಿ ಸೇವೆಯ ಸಂಖ್ಯೆಯನ್ನು ಬರೆಯುತ್ತಿದ್ದುದರಿಂದ 0ರಿಂದ 255ರವರೆಗಿನ ಸಂಖ್ಯೆಗಳಿಗೆ ಎಡೆಯಿತ್ತು. ಎರಡೇ ಸ್ಥಿತಿಗಳ ಬದಲು ಒಂದರೊಳಗೊಂದು ಇರುವ ಹಲವು ರಿಂಗ್‌ಗಳ ಕಲ್ಪನೆಯನ್ನು ಬೆಳೆಸಿದ್ದು ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರಿನಲ್ಲಿ ಬಂತು. ಅದರ 2ನೆಯ ವಿಭಾಗ ಸಿಸ್ಟಂ ಕಾಲ್‌ಗಳಿಗೆ ಮೀಸಲಾಗಿತ್ತು. ಇಂದಿನ ಕೈಪಿಡಿಗಳಲ್ಲಿಯೂ ಅದೇ ವಿಭಾಗ ಸಂಖ್ಯೆ ಉಳಿದಿದೆ. ಪಿಡಿಪಿ-11 ಯಂತ್ರದ ಮೇಲಿನ 6ನೆಯ ಆವೃತ್ತಿಯಲ್ಲಿ ಟ್ರ್ಯಾಪ್ ಆದೇಶದ ಕೊನೆಯ ಬಿಟ್‌ಗಳೇ ಕಾಲ್ ಸಂಖ್ಯೆ. ಕರ್ನೆಲ್ ಆ ಆದೇಶವನ್ನು ಮೆಮೊರಿಯಿಂದ ಮತ್ತೆ ಓದಿ ಸಂಖ್ಯೆಯನ್ನು ಬಿಡಿಸಿಕೊಂಡು 64 ಸಾಲುಗಳ ಕೋಷ್ಟಕದಲ್ಲಿ ತಕ್ಕ ಫಂಕ್ಷನ್ ಹುಡುಕುತ್ತಿತ್ತು. ಆರ್ಗ್ಯುಮೆಂಟ್‌ಗಳಲ್ಲಿ ಕೆಲವು ರಿಜಿಸ್ಟರಿನಲ್ಲಿ, ಉಳಿದವು ಪ್ರೋಗ್ರಾಮಿನ ಕೋಡ್‌ನಲ್ಲೇ ಟ್ರ್ಯಾಪ್ ಆದೇಶದ ನಂತರವೇ ಇರುತ್ತಿದ್ದವು. ಕೋಡ್ ಭಾಗ ಓದಲು ಮಾತ್ರ ಎಂದಾದಾಗ ಇದು ತೊಡಕಾಯಿತು. ಆರ್ಗ್ಯುಮೆಂಟ್‌ಗಳನ್ನು ಬೇರೆಡೆ ಇಟ್ಟು ಅದರ ವಿಳಾಸ ಕೊಡುವ ಇಂಡಿರ್ ಎಂಬ ಪರೋಕ್ಷ ಕರೆ ಅದಕ್ಕೆ ಪರಿಹಾರವಾಗಿತ್ತು. ಸಂಖ್ಯೆಯನ್ನೂ ಆರ್ಗ್ಯುಮೆಂಟ್‌ಗಳನ್ನೂ ರಿಜಿಸ್ಟರ್‌ಗಳಲ್ಲೇ ಕೊಡುವ ಪದ್ಧತಿ ಮುಂದೆ ಬಹುತೇಕ ಎಲ್ಲೆಡೆ ನೆಲೆಗೊಂಡಿತು.

ಪರ್ಸನಲ್ ಕಂಪ್ಯೂಟರುಗಳಲ್ಲಿ ಎಂಎಸ್-ಡಾಸ್ ಹದಿನಾರರ ಎಣಿಕೆಯ 21ನೆಯ ಇಂಟರಪ್ಟ್ ಆದೇಶವನ್ನು ಇದೇ ರೀತಿ ಬಳಸುತ್ತಿತ್ತು. ಆದರೆ ಅಲ್ಲಿ ಎರಡು ಸ್ಥಿತಿಗಳ ಬೇರ್ಪಡಿಕೆಯೇ ಇರಲಿಲ್ಲ. ಕರೆಯ ರೂಪವಿತ್ತು, ಗಡಿ ಇರಲಿಲ್ಲ. 1991ರಲ್ಲಿ ಇಂಟೆಲ್ 386 ಯಂತ್ರಕ್ಕೆಂದು ಹುಟ್ಟಿದ ಲಿನಕ್ಸ್ ಹದಿನಾರರ ಎಣಿಕೆಯ 80ನೆಯ ಇಂಟರಪ್ಟನ್ನು ಆರಿಸಿಕೊಂಡಿತು. ಈ ದಾರಿಯಲ್ಲಿ ಪ್ರೊಸೆಸರು ಇಂಟರಪ್ಟ್ ಕೋಷ್ಟಕವನ್ನು ಓದಿ, ಹಕ್ಕುಗಳನ್ನು ಪರೀಕ್ಷಿಸಿ, ಸ್ಟ್ಯಾಕ್ ಬದಲಿಸಿ, ಹಳೆಯ ಬೆಲೆಗಳನ್ನು ಮೆಮೊರಿಗೆ ಬರೆಯಬೇಕು. ಪೆಂಟಿಯಂ 4ರ ಹೊತ್ತಿಗೆ ಇದು ಬಹಳ ನಿಧಾನ ಎಂಬ ದೂರು ಬಲವಾಯಿತು. ಇಂಟೆಲ್ ಆ ಮೊದಲೇ ಪೆಂಟಿಯಂ 2ರಲ್ಲಿ ತಂದಿದ್ದ ಸಿಸ್‌ಎಂಟರ್ ಆದೇಶವನ್ನು 2002ರ ಕೊನೆಯಲ್ಲಿ ಲಿನಕ್ಸ್ ಅಳವಡಿಸಿಕೊಂಡಿತು. ಎಎಂಡಿ ರೂಪಿಸಿದ 64 ಬಿಟ್‌ನ ಎಕ್ಸ್86-64ರಲ್ಲಿ ಸಿಸ್‌ಕಾಲ್ ಆದೇಶವೇ ಅಧಿಕೃತ ದಾರಿ.

ಕರ್ನೆಲ್ ಪ್ರವೇಶ

ಪ್ರೋಗ್ರಾಂ ಕಾಲ್ ಸಂಖ್ಯೆಯನ್ನು ಆರ್‌ಎಎಕ್ಸ್ ರಿಜಿಸ್ಟರಿನಲ್ಲಿಯೂ, ಗರಿಷ್ಠ 6 ಆರ್ಗ್ಯುಮೆಂಟ್‌ಗಳನ್ನು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9ಗಳಲ್ಲಿಯೂ ಇಟ್ಟು ಸಿಸ್‌ಕಾಲ್ ಆದೇಶ ಕೊಡುತ್ತದೆ. ಸಾಮಾನ್ಯ ಫಂಕ್ಷನ್ ಕರೆಯಲ್ಲಿ 4ನೆಯ ಆರ್ಗ್ಯುಮೆಂಟ್ ಆರ್‌ಸಿಎಕ್ಸ್‌ನಲ್ಲಿರುತ್ತದೆ. ಇಲ್ಲಿ ಅದು ಆರ್10ಕ್ಕೆ ಸರಿದಿರುವುದಕ್ಕೆ ಕಾರಣ ಯಂತ್ರದಲ್ಲೇ ಇದೆ: ಸಿಸ್‌ಕಾಲ್ ಆದೇಶವು ಮರಳಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲಿಯೂ ಫ್ಲ್ಯಾಗ್‌ಗಳನ್ನು ಆರ್11ರಲ್ಲಿಯೂ ಬರೆದುಬಿಡುತ್ತದೆ. ಅಲ್ಲಿದ್ದ ಹಳೆಯ ಬೆಲೆಗಳು ಅಳಿದುಹೋಗುತ್ತವೆ.

ಬಳಿಕ ಪ್ರೊಸೆಸರು ಎಲ್‌ಸ್ಟಾರ್ ಎಂಬ ವಿಶೇಷ ರಿಜಿಸ್ಟರಿನಲ್ಲಿ ಕರ್ನೆಲ್ ಮೊದಲೇ ಬರೆದಿಟ್ಟ ವಿಳಾಸಕ್ಕೆ ನೆಗೆದು ರಿಂಗ್ 0ಕ್ಕೆ ಏರುತ್ತದೆ. ಎಫ್‌ಮಾಸ್ಕ್ ಎಂಬ ಇನ್ನೊಂದು ರಿಜಿಸ್ಟರು ಹೇಳಿದ ಫ್ಲ್ಯಾಗ್‌ಗಳನ್ನು ಅಳಿಸುತ್ತದೆ. ಇಂಟರಪ್ಟ್ ಫ್ಲ್ಯಾಗ್ ಅವುಗಳಲ್ಲಿ ಒಂದು. ಆದ್ದರಿಂದ ಪ್ರವೇಶದ ಹೊತ್ತಿಗೆ ಸಾಮಾನ್ಯ ಇಂಟರಪ್ಟ್‌ಗಳು ತಡೆಯಲ್ಪಟ್ಟಿರುತ್ತವೆ. ಈ ಆದೇಶದ ವೇಗದ ಗುಟ್ಟು ಅದು ಮಾಡದೆ ಬಿಡುವ ಕೆಲಸಗಳಲ್ಲಿದೆ. ಅದು ಮೆಮೊರಿಗೆ ಏನನ್ನೂ ಬರೆಯುವುದಿಲ್ಲ, ಸ್ಟ್ಯಾಕ್ ಪಾಯಿಂಟರನ್ನು ಮುಟ್ಟುವುದೂ ಇಲ್ಲ.

ಇದರ ಫಲವಾಗಿ ಕರ್ನೆಲ್‌ನ ಮೊದಲ ಕೆಲವು ಆದೇಶಗಳು ಪೂರ್ಣ ಅಧಿಕಾರದೊಡನೆ, ಆದರೆ ಬಳಕೆದಾರನ ಸ್ಟ್ಯಾಕ್ ಪಾಯಿಂಟರಿನೊಡನೆ ಓಡುತ್ತವೆ. ಆ ಪಾಯಿಂಟರಿನಲ್ಲಿ ಪ್ರೋಗ್ರಾಂ ಯಾವ ಬೆಲೆಯನ್ನಾದರೂ ಇಟ್ಟಿರಬಹುದು. ಅದರ ಮೇಲೆ ಒಂದೇ ಒಂದು ಪುಶ್ ಮಾಡಿದರೂ ಅನಾಹುತ. ಹಾಗಾಗಿ ಪ್ರವೇಶ ಕೋಡ್ ಮೊದಲು ಸ್ವಾಪ್‌ಜಿಎಸ್ ಆದೇಶದಿಂದ ಜಿಎಸ್ ಆಧಾರ ವಿಳಾಸವನ್ನು ಅದಲುಬದಲು ಮಾಡಿ, ಆಯಾ ಪ್ರೊಸೆಸರಿಗೆಂದು ಮೀಸಲಾದ ಕರ್ನೆಲ್ ಮೆಮೊರಿಯನ್ನು ಕೈಗೆಟುಕಿಸಿಕೊಳ್ಳುತ್ತದೆ. ಬಳಕೆದಾರನ ಸ್ಟ್ಯಾಕ್ ಪಾಯಿಂಟರನ್ನು ಅಲ್ಲಿ ತಾತ್ಕಾಲಿಕವಾಗಿ ಇರಿಸಿ, ಅಗತ್ಯವಿದ್ದರೆ ಪುಟ ಕೋಷ್ಟಕವನ್ನು ಬದಲಿಸಿ, ಕರೆ ಮಾಡಿದ ಥ್ರೆಡ್‌ನ ಕರ್ನೆಲ್ ಸ್ಟ್ಯಾಕನ್ನು ಏರಿಸುತ್ತದೆ. ಸಾಮಾನ್ಯ ಸಂರಚನೆಯಲ್ಲಿ ಈ ಸ್ಟ್ಯಾಕ್ 16 ಕಿಲೋಬೈಟ್‌ನದು. ತಡೆಯಲಾಗದ ಇಂಟರಪ್ಟ್ ಎಂಬುದೊಂದು ಈ ಕಿರಿದಾದ ಸಂದಿಯಲ್ಲಿಯೂ ಬಂದೆರಗಬಹುದು. ಅದರ ನಿರ್ವಹಣೆಗೆ ಬೇರೆಯೇ ಸ್ಟ್ಯಾಕ್ ಗೊತ್ತುಪಡಿಸಿರುವುದಕ್ಕೆ ಇದೂ ಒಂದು ಕಾರಣ.

ಸ್ಟ್ಯಾಕ್ ಸಿಕ್ಕಿದ ಮೇಲೆ ಎಲ್ಲ ರಿಜಿಸ್ಟರ್‌ಗಳನ್ನು ಪಿಟಿ_ರೆಗ್ಸ್ ಎಂಬ ಗೊತ್ತಾದ ವಿನ್ಯಾಸದಲ್ಲಿ ಅದರ ಮೇಲೆ ಉಳಿಸುತ್ತಾರೆ. ಮೂಲ ಕಾಲ್ ಸಂಖ್ಯೆಗೆ ಇದರಲ್ಲಿ ಪ್ರತ್ಯೇಕ ಜಾಗವಿದೆ. ಏಕೆಂದರೆ ಆರ್‌ಎಎಕ್ಸ್‌ನ ಜಾಗಕ್ಕೆ ಮುಂದೆ ಫಲಿತಾಂಶ ಬಂದು ಕೂರುತ್ತದೆ. ಉಳಿಸಿದ ಬಳಿಕ ರಿಜಿಸ್ಟರ್‌ಗಳನ್ನು ಸೊನ್ನೆ ಮಾಡಿ ನಿಯಂತ್ರಣವನ್ನು ಸಿ ಫಂಕ್ಷನ್ನಿಗೆ ಒಪ್ಪಿಸಲಾಗುತ್ತದೆ.

ಆರ್ಮ್‌ನ 64 ಬಿಟ್ ಪ್ರೊಸೆಸರುಗಳಲ್ಲಿ ಸ್ಟ್ಯಾಕ್ ಹುಡುಕುವ ಈ ಪಾಡು ಇಲ್ಲ. ಅಲ್ಲಿ ಎರಡು ಸ್ಥಿತಿಗಳಿಗೂ ಬೇರೆ ಬೇರೆ ಸ್ಟ್ಯಾಕ್ ಪಾಯಿಂಟರ್‌ಗಳಿರುವುದರಿಂದ ಎಸ್‌ವಿಸಿ ಆದೇಶದೊಡನೆ ಕರ್ನೆಲ್‌ನ ಸ್ಟ್ಯಾಕ್ ಸಿದ್ಧವಾಗಿಯೇ ಇರುತ್ತದೆ. ಕಾಲ್ ಸಂಖ್ಯೆ ಎಕ್ಸ್8ರಲ್ಲಿ, ಆರ್ಗ್ಯುಮೆಂಟ್‌ಗಳು ಎಕ್ಸ್0ಯಿಂದ ಎಕ್ಸ್5ರವರೆಗೆ. ರಿಸ್ಕ್-ಫೈವ್‌ನಲ್ಲಿ ಟ್ರ್ಯಾಪ್ ಆದೇಶ ಇಕಾಲ್, ಸಂಖ್ಯೆ ಎ7ರಲ್ಲಿ. ಅಲ್ಲಿ ಬೇರೆ ಸ್ಟ್ಯಾಕ್ ಪಾಯಿಂಟರ್ ಇಲ್ಲದ ಕಾರಣ ಎಸ್‌ಸ್ಕ್ರ್ಯಾಚ್ ರಿಜಿಸ್ಟರಿನೊಡನೆ ವಿನಿಮಯ ಮಾಡಿಕೊಂಡು ಕರ್ನೆಲ್ ತನ್ನ ನೆಲೆ ಹಿಡಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಆರ್ಮ್ ಉಳಿಸಿಕೊಡುವ ಮರಳು ವಿಳಾಸ ಟ್ರ್ಯಾಪ್‌ನ ಮುಂದಿನ ಆದೇಶದ್ದು, ರಿಸ್ಕ್-ಫೈವ್ ಉಳಿಸಿಕೊಡುವುದು ಇಕಾಲ್ ಆದೇಶದ್ದೇ ವಿಳಾಸ. ಕರ್ನೆಲ್ ಅದಕ್ಕೆ 4 ಕೂಡಿಸಲು ಮರೆತರೆ ಪ್ರೋಗ್ರಾಂ ಅದೇ ಕರೆಯನ್ನು ಕೊನೆಯಿಲ್ಲದೆ ಮಾಡುತ್ತಿರುತ್ತದೆ. ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರುಗಳು ರಿಸ್ಕ್-ಫೈವ್ ಆದೇಶಗಣವನ್ನೇ ಅನುಸರಿಸುವುದರಿಂದ ಈ ನಿಯಮ ಅವಕ್ಕೂ ಅನ್ವಯಿಸುತ್ತದೆ.

ರವಾನೆ

ಬಂದ ಸಂಖ್ಯೆಯನ್ನು ತಕ್ಕ ಫಂಕ್ಷನ್ನಿಗೆ ಜೋಡಿಸುವ ಹಂತ ರವಾನೆ. ಸಂಖ್ಯೆ ಮಿತಿಯೊಳಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಇನೋಸಿಸ್ ಎಂಬ ದೋಷವನ್ನು, ಅಂದರೆ ಋಣ 38 ಎಂಬ ಬೆಲೆಯನ್ನು ಕೊಟ್ಟು ಮರಳಬೇಕು. ಇದ್ದರೆ ಕೋಷ್ಟಕದಲ್ಲಿ ಆ ಸಾಲಿನ ಫಂಕ್ಷನ್ನನ್ನು ಕರೆಯಬೇಕು. ಪತ್ತೆಹಚ್ಚುವ ಉಪಕರಣಗಳೂ ಸೋಸುವ ನಿಯಮಗಳೂ ಇದ್ದರೆ ಅವುಗಳ ಸರದಿ ಇದಕ್ಕೂ ಮೊದಲು.

ಎರಡು ಸಾಲಿನ ಈ ಕೆಲಸದಲ್ಲಿಯೂ ಗಂಭೀರ ದೋಷಗಳು ನುಸುಳಿದ್ದುಂಟು. 64 ಬಿಟ್ ಕರ್ನೆಲ್ಲಿನ ಮೇಲೆ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುವ ದಾರಿಯಲ್ಲಿ ಮಿತಿ ಪರೀಕ್ಷೆ ರಿಜಿಸ್ಟರಿನ ಕೆಳಗಿನ 32 ಬಿಟ್‌ಗಳ ಮೇಲೆ, ಕೋಷ್ಟಕದ ಓದು ಪೂರ್ಣ 64 ಬಿಟ್‌ಗಳ ಮೇಲೆ ನಡೆಯುವ ಪರಿಸ್ಥಿತಿ ಉಂಟಾಗುತ್ತಿತ್ತು. ಮೇಲಿನ ಬಿಟ್‌ಗಳನ್ನು ತುಂಬಿಸಬಲ್ಲವರು ಕೋಷ್ಟಕದ ಆಚೆಗಿನ ವಿಳಾಸಕ್ಕೆ ಕರ್ನೆಲ್ಲನ್ನು ನೆಗೆಸಬಹುದಿತ್ತು. 2007ರಲ್ಲಿ ಮುಚ್ಚಿದ ಈ ತೂತು ಮುಂದಿನ ಬದಲಾವಣೆಗಳಲ್ಲಿ ಮತ್ತೆ ತೆರೆದುಕೊಂಡು 2010ರಲ್ಲಿ ಎರಡನೆಯ ಬಾರಿ ಮುಚ್ಚಬೇಕಾಯಿತು. ಕಿರಿದಾದ ಆರ್ಗ್ಯುಮೆಂಟ್‌ಗಳ ಮೇಲಿನ ಬಿಟ್‌ಗಳನ್ನು ಪ್ರೋಗ್ರಾಂ ಸರಿಯಾಗಿ ತುಂಬಿರುತ್ತದೆ ಎಂದು ಕರ್ನೆಲ್ ನಂಬಿದ್ದರಿಂದಾದ ಇಂಥದೇ ದೋಷ 2009ರಲ್ಲಿ ಬಯಲಾಯಿತು. ಅಂದಿನಿಂದ ಲಿನಕ್ಸ್‌ನ ಎಲ್ಲ ಸಿಸ್ಟಂ ಕಾಲ್‌ಗಳನ್ನು ಬರಿಯ ಫಂಕ್ಷನ್‌ಗಳಾಗಿ ಬರೆಯದೆ, ಪ್ರತಿ ಆರ್ಗ್ಯುಮೆಂಟನ್ನೂ ಅದರ ನಿಜವಾದ ಗಾತ್ರಕ್ಕೆ ಕತ್ತರಿಸಿಕೊಳ್ಳುವ ಸಿಸ್‌ಕಾಲ್_ಡಿಫೈನ್ ಮ್ಯಾಕ್ರೋ ಮೂಲಕ ಬರೆಯುತ್ತಾರೆ.

ಆರ್ಗ್ಯುಮೆಂಟ್ ಪರಿಶೀಲನೆ

ಬರಿಯ ಅಂಕಿಗಳಾಗಿ ಬರುವ ಆರ್ಗ್ಯುಮೆಂಟ್‌ಗಳ ಪರೀಕ್ಷೆ ಸುಲಭ. ಕಷ್ಟವಿರುವುದು ಪಾಯಿಂಟರ್‌ಗಳಲ್ಲಿ. ರೀಡ್ ಕರೆಗೆ ಕೊಟ್ಟ ಬಫರ್ ವಿಳಾಸ ಕರ್ನೆಲ್‌ನ ಸ್ವಂತ ಮೆಮೊರಿಯದಾಗಿದ್ದರೆ, ಕಡತದ ಒಳಗಿನ ಬೈಟ್‌ಗಳನ್ನು ಕರ್ನೆಲ್ ತನ್ನ ಮೈಮೇಲೆ ತಾನೇ ಬರೆದುಕೊಂಡಂತಾಗುತ್ತದೆ. ಆದ್ದರಿಂದ ಆಕ್ಸೆಸ್_ಓಕೆ ಎಂಬ ಪರೀಕ್ಷೆ ವಿಳಾಸವೂ ಉದ್ದವೂ ಬಳಕೆದಾರನ ವ್ಯಾಪ್ತಿಯೊಳಗೇ ಇವೆಯೇ ಎಂದು ನೋಡುತ್ತದೆ. 2017ರಲ್ಲಿ ಲಿನಕ್ಸ್ 4.13ರ ವೇಟ್‌ಐಡಿ ಕರೆಯಲ್ಲಿ ಈ ಒಂದು ಪರೀಕ್ಷೆ ಬಿಟ್ಟುಹೋದದ್ದರಿಂದ ಸಾಮಾನ್ಯ ಬಳಕೆದಾರರೂ ಕರ್ನೆಲ್ ಮೆಮೊರಿಗೆ ಬರೆಯುವಂತಾಗಿತ್ತು.

ವ್ಯಾಪ್ತಿಯೊಳಗಿದ್ದ ಮಾತ್ರಕ್ಕೆ ಆ ವಿಳಾಸದಲ್ಲಿ ಮೆಮೊರಿ ಇದೆಯೆಂದಲ್ಲ. ಪ್ರತಿ ಪುಟವನ್ನೂ ಮುಂಚಿತವಾಗಿ ನೋಡುವುದು ದುಬಾರಿ. ನೋಡಿದ ಮರುಕ್ಷಣ ಇನ್ನೊಂದು ಥ್ರೆಡ್ ಆ ಪುಟವನ್ನು ತೆಗೆದುಹಾಕಲೂಬಹುದು. ಅದಕ್ಕೆ ಕಾಪಿ_ಫ್ರಂ_ಯೂಸರ್, ಕಾಪಿ_ಟು_ಯೂಸರ್ ಎಂಬ ನಕಲು ಫಂಕ್ಷನ್‌ಗಳು ಮೊದಲು ಮುಟ್ಟಿಯೇ ನೋಡುತ್ತವೆ. ಪುಟವಿಲ್ಲದೆ ದೋಷವೆದ್ದರೆ ದೋಷ ನಿರ್ವಾಹಕವು ಎಡವಿದ ಆದೇಶದ ವಿಳಾಸವನ್ನು ಎಕ್ಸೆಪ್ಶನ್ ಕೋಷ್ಟಕದಲ್ಲಿ ಹುಡುಕುತ್ತದೆ. ಸಿಕ್ಕರೆ ಅಲ್ಲಿ ಸೂಚಿಸಿದ ಪರಿಹಾರ ಕೋಡ್‌ಗೆ ನೆಗೆದು ಇಫಾಲ್ಟ್ ದೋಷವನ್ನು ಮರಳಿಸುತ್ತದೆ. ಸಿಗದಿದ್ದರೆ ಅದು ಕರ್ನೆಲ್‌ನದೇ ತಪ್ಪೆಂದು ಎಣಿಸಲಾಗುತ್ತದೆ. ದೋಷವಿಲ್ಲದ ಮಾಮೂಲಿ ದಾರಿಗೆ ಈ ಏರ್ಪಾಡಿನಿಂದ ಹೆಚ್ಚುವರಿ ಖರ್ಚಿಲ್ಲ.

ಮೂರನೆಯ ತೊಡಕು ಕಾಲದ್ದು. ರಚನೆಯೊಂದರ ಉದ್ದವನ್ನು ಬಳಕೆದಾರ ಮೆಮೊರಿಯಿಂದ ಓದಿ ಪರೀಕ್ಷಿಸಿ, ಮತ್ತೆ ಅದನ್ನೇ ಎರಡನೆಯ ಬಾರಿ ಓದಿದರೆ, ನಡುವೆ ಬೇರೊಂದು ಥ್ರೆಡ್ ಅದನ್ನು ಬದಲಿಸಿರಬಹುದು. ಇದಕ್ಕೆ ಡಬಲ್ ಫೆಚ್ ದೋಷ ಎಂದು ಹೆಸರು. ಒಂದೇ ಸಲ ಕರ್ನೆಲ್ ಮೆಮೊರಿಗೆ ನಕಲಿಸಿಕೊಂಡು, ಆ ನಕಲನ್ನೇ ಪರೀಕ್ಷಿಸಿ ನಕಲನ್ನೇ ಬಳಸುವುದು ಇದರ ಮದ್ದು. ನಕಲು ಫಂಕ್ಷನ್‌ಗಳನ್ನು ಬಿಟ್ಟು ನೇರವಾಗಿ ಬಳಕೆದಾರ ಮೆಮೊರಿಯನ್ನು ಮುಟ್ಟಿದರೆ ಯಂತ್ರವೇ ತಡೆಯುವ ಸ್ಮ್ಯಾಪ್ ಎಂಬ ರಕ್ಷಣೆ ಇಂಟೆಲ್‌ನ ಬ್ರಾಡ್‌ವೆಲ್ ಪೀಳಿಗೆಯಿಂದ ಬಂದಿದೆ. ನಕಲು ಫಂಕ್ಷನ್‌ಗಳು ಅದನ್ನು ತಮ್ಮ ಕೆಲಸದಷ್ಟು ಹೊತ್ತು ಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತವೆ.

ಮರಳುವಿಕೆ

ಲಿನಕ್ಸ್‌ನಲ್ಲಿ ಋಣ 1ರಿಂದ ಋಣ 4095ರವರೆಗಿನ ಬೆಲೆಗಳು ದೋಷ ಸೂಚಕಗಳು. ಇವನ್ನು ಧನ ಸಂಖ್ಯೆಯಾಗಿಸಿ ಎರ್‌ನೋ ಚರದಲ್ಲಿಟ್ಟು ಋಣ 1ನ್ನು ಮರಳಿಸುವುದು ಸಿ ಲೈಬ್ರರಿಯ ಕೆಲಸ. ಎರ್‌ನೋ ಎಂಬುದೇ ಕರ್ನೆಲ್ಲಿಗೆ ಗೊತ್ತಿಲ್ಲ. ಫ್ರೀಬಿಎಸ್‌ಡಿಯು ಎಕ್ಸ್86ರಲ್ಲಿ ದೋಷವನ್ನು ಕ್ಯಾರಿ ಫ್ಲ್ಯಾಗ್ ಮೂಲಕ ತಿಳಿಸುತ್ತದೆ.

ಹೊರಡುವ ಮುನ್ನ ಕರ್ನೆಲ್ ಬಾಕಿ ಕೆಲಸಗಳನ್ನು ನೋಡುತ್ತದೆ: ಬೇರೆ ಥ್ರೆಡ್‌ಗೆ ಪ್ರೊಸೆಸರನ್ನು ಬಿಟ್ಟುಕೊಡಬೇಕೇ, ತಲುಪಿಸಬೇಕಾದ ಸಿಗ್ನಲ್ ಇದೆಯೇ. ಕಾಯುತ್ತಿದ್ದ ಕರೆಯೊಂದನ್ನು ಸಿಗ್ನಲ್ ಎಬ್ಬಿಸಿದ್ದರೆ ಆ ಕರೆ ಇಐಎನ್‌ಟಿಆರ್ ದೋಷದೊಡನೆ ಮುಗಿಯಬಹುದು, ಇಲ್ಲವೇ ಮತ್ತೆ ಮೊದಲಿಂದ ನಡೆಯಬಹುದು. ಮತ್ತೆ ನಡೆಸುವ ಉಪಾಯ ಸರಳ. ಸಿಸ್‌ಕಾಲ್ ಆದೇಶದ ಉದ್ದ 2 ಬೈಟ್. ಕರ್ನೆಲ್ ಉಳಿಸಿಟ್ಟ ಮರಳು ವಿಳಾಸದಿಂದ 2 ಕಳೆದು, ಪಿಟಿ_ರೆಗ್ಸ್‌ನಲ್ಲಿ ಬೇರೆ ಇಟ್ಟಿದ್ದ ಮೂಲ ಸಂಖ್ಯೆಯನ್ನು ಆರ್‌ಎಎಕ್ಸ್‌ಗೆ ತುಂಬಿ ಕಳಿಸಿದರೆ, ಪ್ರೋಗ್ರಾಂ ತನಗರಿವಿಲ್ಲದೆಯೇ ಅದೇ ಕರೆಯನ್ನು ಮತ್ತೊಮ್ಮೆ ಮಾಡುತ್ತದೆ. ಹಳೆಯ 80ನೆಯ ಇಂಟರಪ್ಟ್ ಆದೇಶವೂ 2 ಬೈಟ್‌ನದೇ ಆದ್ದರಿಂದ ಅಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ.

ಮರಳಲು ವೇಗದ ಸಿಸ್‌ರೆಟ್, ನಿಧಾನದ ಐರೆಟ್ ಎಂಬ ಎರಡು ಆದೇಶಗಳಿವೆ. ಇಂಟೆಲ್ ಪ್ರೊಸೆಸರುಗಳಲ್ಲಿ ಸಿಸ್‌ರೆಟ್‌ಗೆ ಕೊಟ್ಟ ಮರಳು ವಿಳಾಸ ಕ್ರಮಬದ್ಧ ರೂಪದ್ದಲ್ಲದಿದ್ದರೆ ದೋಷವು ಇನ್ನೂ ರಿಂಗ್ 0ರಲ್ಲಿರುವಾಗಲೇ ಏಳುತ್ತದೆ. ಆ ವೇಳೆಗೆ ಬಳಕೆದಾರನ ಸ್ಟ್ಯಾಕ್ ಪಾಯಿಂಟರ್ ಮರಳಿ ಬಂದಿರುತ್ತದೆ. ಎಎಂಡಿ ಪ್ರೊಸೆಸರುಗಳ ನಡವಳಿಕೆ ಹೀಗಲ್ಲ. ಈ ಭೇದವನ್ನು ಗಮನಿಸದಿದ್ದ ಕಾರಣ 2012ರಲ್ಲಿ ಫ್ರೀಬಿಎಸ್‌ಡಿ, ಝೆನ್ ಮತ್ತು ವಿಂಡೋಸ್‌ಗಳು ಒಟ್ಟಿಗೆ ತಿದ್ದುಪಡಿ ಹೊರಡಿಸಬೇಕಾಯಿತು. ಲಿನಕ್ಸ್ ಇದನ್ನು 2006ರಲ್ಲೇ ಸರಿಪಡಿಸಿಕೊಂಡಿತ್ತು. ಮರಳು ವಿಳಾಸವೂ ಫ್ಲ್ಯಾಗ್‌ಗಳೂ ನಿರೀಕ್ಷೆಯಂತಿದ್ದರೆ ಮಾತ್ರ ಅದು ಸಿಸ್‌ರೆಟ್ ಬಳಸುತ್ತದೆ, ಸಂಶಯವಿದ್ದಲ್ಲಿ ಐರೆಟ್.

ವಿಧಗಳು

ಕೆಲಸಕ್ಕನುಗುಣವಾಗಿ ಪ್ರೋಸೆಸ್ ನಿಯಂತ್ರಣದ ಫೋರ್ಕ್, ಎಕ್ಸಿಕ್‌ವಿಇ, ಎಕ್ಸಿಟ್, ಕಡತಗಳ ಓಪನ್, ರೀಡ್, ರೈಟ್, ಮೆಮೊರಿಯ ಎಂಮ್ಯಾಪ್, ಸಂವಹನದ ಪೈಪ್, ಸಾಕೆಟ್ ಎಂದು ವಿಂಗಡಿಸುವುದು ವಾಡಿಕೆ. ನಿರ್ವಹಣೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಒಂದು ಸಂಖ್ಯೆಯ ಹಿಂದೆ ಹಲವು ಸೇವೆಗಳನ್ನು ಅಡಗಿಸಿಕೊಂಡ ಕರೆಗಳು. ಐಒಸಿಟಿಎಲ್ ಇವುಗಳ ಮೊದಲಿಗ. ಪ್ರತಿ ಸಾಧನ ಚಾಲಕವೂ ತನ್ನದೇ ಆಜ್ಞೆಗಳನ್ನು ಅದರೊಳಗೆ ಸೇರಿಸಬಹುದಾದ್ದರಿಂದ ಪರಿಶೀಲನೆಯ ಭಾರ ಸಾವಿರಾರು ಕಡೆ ಚದುರಿಹೋಗುತ್ತದೆ.

ಕರ್ನೆಲ್ ಪ್ರವೇಶಿಸದೆಯೇ ನಡೆಯುವ ಕರೆಗಳೂ ಇವೆ. ವಿಡಿಎಸ್ಒ ಎಂಬ ಚಿಕ್ಕ ಲೈಬ್ರರಿಯನ್ನು ಕರ್ನೆಲ್ ಪ್ರತಿ ಪ್ರೋಸೆಸ್‌ನ ಮೆಮೊರಿಗೂ ಜೋಡಿಸುತ್ತದೆ. ಸಮಯ ಕೇಳುವ ಕ್ಲಾಕ್_ಗೆಟ್‌ಟೈಮ್‌ನಂಥ ಕರೆಗಳು ಸಾಮಾನ್ಯವಾಗಿ ಕರ್ನೆಲ್ ಬರೆದಿಟ್ಟ ಪುಟವನ್ನು ಬಳಕೆದಾರ ಸ್ಥಿತಿಯಲ್ಲೇ ಓದಿ ಉತ್ತರ ಕೊಡುತ್ತವೆ.

ಸಂಖ್ಯೆಗಳ ಸ್ಥಿರತೆ

ಲಿನಕ್ಸ್‌ನಲ್ಲಿ ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವುದಿಲ್ಲ. 32 ಬಿಟ್ ಎಕ್ಸ್86ರಲ್ಲಿ ಎಕ್ಸಿಟ್ 1, ಫೋರ್ಕ್ 2, ರೀಡ್ 3, ರೈಟ್ 4; ಎಕ್ಸ್86-64ರಲ್ಲಿ ರೀಡ್ 0, ರೈಟ್ 1, ಎಕ್ಸಿಟ್ 60. ಇವು ಹೀಗೆ ಬೇರೆಬೇರೆಯಾದ ಗೊಂದಲವನ್ನು ತಗ್ಗಿಸಲು 2019ರಿಂದ 424 ಮತ್ತು ಅದರ ಮುಂದಿನ ಸಂಖ್ಯೆಗಳನ್ನು ಬಹುತೇಕ ಎಲ್ಲ ಯಂತ್ರಗಳಿಗೂ ಸಮಾನವಾಗಿ ಕೊಡುತ್ತಿದ್ದಾರೆ. ಹಳೆಯ ಕರೆಗೆ ಹೊಸ ಆಯ್ಕೆ ಬೇಕಾದಾಗ ಹೊಸ ಕರೆಯೇ ಹುಟ್ಟುತ್ತದೆ. ಡಪ್, ಡಪ್2, ಡಪ್3 ಎಂಬ ಸಾಲು ಹೀಗೆ ಬೆಳೆದದ್ದು. ಈ ಅನುಭವದಿಂದ ಕ್ಲೋನ್3, ಓಪನ್‌ಎಟ್2ಗಳಂಥ ಹೊಸ ಕರೆಗಳು ರಚನೆಯೊಂದರ ವಿಳಾಸದ ಜೊತೆ ಅದರ ಗಾತ್ರವನ್ನೂ ಕೇಳುತ್ತವೆ. ಮುಂದೆ ರಚನೆ ಹಿಗ್ಗಿದರೂ ಹಳೆಯ ಪ್ರೋಗ್ರಾಂಗಳು ಕೆಡುವುದಿಲ್ಲ.

ವಿಂಡೋಸ್‌ನ ನೀತಿ ಇದಕ್ಕೆ ವಿರುದ್ಧ. ಅಲ್ಲಿ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಸ್ಥಿರವಾಗಿರುವುದು ಲೈಬ್ರರಿಗಳ ಮಟ್ಟದ ಫಂಕ್ಷನ್‌ಗಳು. ಎನ್‌ಟಿಡಿಎಲ್ಎಲ್ ಎಂಬ ಲೈಬ್ರರಿ ಆಯಾ ಆವೃತ್ತಿಯ ಸಂಖ್ಯೆಗಳನ್ನು ಬಲ್ಲದು. ಎಸ್ಇಎಲ್4ನಂಥ ಮೈಕ್ರೋಕರ್ನೆಲ್‌ಗಳಲ್ಲಿ ಕರೆಗಳು ಬೆರಳೆಣಿಕೆಯಷ್ಟೇ. ಕಡತ, ನೆಟ್‌ವರ್ಕ್‌ಗಳೆಲ್ಲ ಬಳಕೆದಾರ ಸ್ಥಿತಿಯ ಸೇವಾ ಪ್ರೋಗ್ರಾಂಗಳ ಪಾಲಿಗೆ ಬಿದ್ದು, ಕರ್ನೆಲ್ ಮುಖ್ಯವಾಗಿ ಸಂದೇಶಗಳನ್ನು ದಾಟಿಸುತ್ತದೆ.

ಉಪಯೋಗಗಳು

ಪ್ರೋಗ್ರಾಂ ಹೊರಜಗತ್ತನ್ನು ಮುಟ್ಟುವ ದಾರಿ ಇದಾದ್ದರಿಂದ ಅದನ್ನು ಗಮನಿಸಲೂ ಕಟ್ಟಿಹಾಕಲೂ ಇದೇ ತಕ್ಕ ಜಾಗ. ಎಸ್‌ಟ್ರೇಸ್ ಉಪಕರಣ ಪಿಟ್ರೇಸ್ ಕರೆಯ ನೆರವಿನಿಂದ ಪ್ರತಿ ಸಿಸ್ಟಂ ಕಾಲ್‌ನ ಆರ್ಗ್ಯುಮೆಂಟ್ ಮತ್ತು ಫಲಿತಾಂಶಗಳನ್ನು ತೋರಿಸುತ್ತದೆ. 2005ರಲ್ಲಿ ಲಿನಕ್ಸ್‌ಗೆ ಬಂದ ಸೆಕ್‌ಕಾಂಪ್ ಮೊದಲಿಗೆ ನಾಲ್ಕೇ ಕರೆಗಳಿಗೆ ಅನುಮತಿ ಕೊಡುತ್ತಿತ್ತು. 2012ರಲ್ಲಿ, 3.5ನೆಯ ಆವೃತ್ತಿಯಿಂದ, ಸಂಖ್ಯೆ ಮತ್ತು ಆರ್ಗ್ಯುಮೆಂಟ್‌ಗಳನ್ನು ನೋಡಿ ತೀರ್ಮಾನಿಸುವ ಸೋಸು ನಿಯಮಗಳನ್ನು ಪ್ರೋಗ್ರಾಂಗಳೇ ಹಾಕಿಕೊಳ್ಳುವಂತಾಯಿತು. ಸೋಸು ನಿಯಮಗಳು ಪಾಯಿಂಟರಿನ ಆಚೆಗಿನ ಮೆಮೊರಿಯನ್ನು ನೋಡಲಾರವು. ಡಬಲ್ ಫೆಚ್ ದೋಷಕ್ಕೆ ಹೇಳಿದ ಕಾರಣವೇ ಇಲ್ಲಿಯೂ ಅಡ್ಡಬರುತ್ತದೆ. ಆಂಡ್ರಾಯ್ಡ್ 8.0ಯಿಂದ ಎಲ್ಲ ಆ್ಯಪ್‌ಗಳಿಗೂ ಇಂಥ ನಿಯಮ ಅನ್ವಯವಾಗುತ್ತದೆ. ಓಪನ್‌ಬಿಎಸ್‌ಡಿಯ ಪ್ಲೆಡ್ಜ್ ಇದೇ ಉದ್ದೇಶಕ್ಕೆ ಹೆಚ್ಚು ಸರಳವಾದ ರೂಪ ಕೊಟ್ಟಿದೆ.

ಬೋಧನೆಯಲ್ಲಿ ಎಂಐಟಿಯ ಎಕ್ಸ್‌ವಿ6 ಹೆಚ್ಚು ಬಳಕೆಯಲ್ಲಿದೆ. ಯುನಿಕ್ಸ್ 6ನೆಯ ಆವೃತ್ತಿಯ ಮಾದರಿಯಲ್ಲಿ 2006ರಲ್ಲಿ ಎಕ್ಸ್86ಕ್ಕೆ ಬರೆದು ಮುಂದೆ ರಿಸ್ಕ್-ಫೈವ್‌ಗೆ ಹೊಂದಿಸಿದ ಈ ಕರ್ನೆಲ್‌ನಲ್ಲಿ 21 ಸಿಸ್ಟಂ ಕಾಲ್‌ಗಳಿವೆ. ಹೊಸ ಕರೆಯೊಂದನ್ನು ಸೇರಿಸುವುದು ಅದರ ವಿದ್ಯಾರ್ಥಿಗಳ ಮೊದಮೊದಲ ಅಭ್ಯಾಸಗಳಲ್ಲೊಂದು.

ಇಂದಿನ ಸ್ಥಿತಿ

2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ಪ್ರವೇಶ ಕೋಡ್‌ನ ರೂಪವನ್ನೇ ಬದಲಿಸಿದವು. ಮೆಲ್ಟ್‌ಡೌನ್‌ಗೆ ತುತ್ತಾಗುವ ಪ್ರೊಸೆಸರುಗಳಲ್ಲಿ ಬಳಕೆದಾರ ಸ್ಥಿತಿಯ ಪುಟ ಕೋಷ್ಟಕದಿಂದ ಕರ್ನೆಲ್ಲನ್ನು ಬಹುಪಾಲು ತೆಗೆದುಹಾಕಿ, ಪ್ರವೇಶಕ್ಕೆ ಬೇಕಾದ ಚೂರನ್ನಷ್ಟೇ ಉಳಿಸಲಾಯಿತು. ಹಾಗಾಗಿ ಅಲ್ಲಿ ಪ್ರತಿ ಸಿಸ್ಟಂ ಕಾಲ್ ಹೋಗುವಾಗಲೂ ಬರುವಾಗಲೂ ಪುಟ ಕೋಷ್ಟಕ ಬದಲಾಗಬೇಕು. ಸ್ಪೆಕ್ಟರ್‌ನ ದೆಸೆಯಿಂದ ಕಾಲ್ ಸಂಖ್ಯೆಯ ಮಿತಿ ಪರೀಕ್ಷೆಯೊಂದೇ ಸಾಲದಾಯಿತು. ಪ್ರೊಸೆಸರು ಮುನ್ನೂಹೆಯಲ್ಲಿ, ಅಂದರೆ ಪರೀಕ್ಷೆಯ ಫಲ ತಿಳಿಯುವ ಮೊದಲೇ ಊಹೆಯ ಮೇಲೆ, ಓಡುವಾಗಲೂ ಸಂಖ್ಯೆ ಮಿತಿ ಮೀರದಂತೆ ಅಂಕಗಣಿತದಿಂದಲೇ ಕಟ್ಟಿಹಾಕುತ್ತಾರೆ. 2024ರಲ್ಲಿ ಎಕ್ಸ್86 ಲಿನಕ್ಸ್ ಕೋಷ್ಟಕದ ಮೂಲಕ ಪರೋಕ್ಷವಾಗಿ ನೆಗೆಯುವುದನ್ನೇ ಕೈಬಿಟ್ಟು, ಪ್ರತಿ ಸಂಖ್ಯೆಗೂ ನೇರ ಕರೆ ಇರುವ ಉದ್ದನೆಯ ಸ್ವಿಚ್ ವಾಕ್ಯಕ್ಕೆ ಬದಲಾಯಿತು. ಯುನಿಕ್ಸ್‌ನ ಆರಂಭದ ಕಾಲದಿಂದ ನಡೆದುಬಂದ ಪದ್ಧತಿಯಿಂದ ಹೀಗೆ ಸರಿಯಲು ಕಾರಣ ಪರೋಕ್ಷ ನೆಗೆತಗಳ ಮೇಲಿನ ಮುನ್ನೂಹೆ ದಾಳಿಗಳು.

ಪ್ರವೇಶ ದುಬಾರಿಯಾದಷ್ಟೂ ಅದರ ಸಂಖ್ಯೆಯನ್ನು ಕಡಿಮೆ ಮಾಡುವ ಯತ್ನ ಹೆಚ್ಚಿದೆ. 2019ರಲ್ಲಿ ಲಿನಕ್ಸ್ 5.1ರೊಡನೆ ಬಂದ ಜೆನ್ಸ್ ಆಕ್ಸ್‌ಬೋ ಅವರ ಐಒ_ಯುರಿಂಗ್‌ನಲ್ಲಿ ಪ್ರೋಗ್ರಾಂ ಮತ್ತು ಕರ್ನೆಲ್ ಹಂಚಿಕೊಂಡ ಮೆಮೊರಿಯ ಎರಡು ಸರದಿಗಳಿವೆ, ಒಂದು ಕೋರಿಕೆಗಳಿಗೆ, ಇನ್ನೊಂದು ಫಲಿತಾಂಶಗಳಿಗೆ. ಒಂದೇ ಪ್ರವೇಶದಲ್ಲಿ ಹಲವು ಕೋರಿಕೆಗಳನ್ನು ಸಲ್ಲಿಸಬಹುದು. ಈ ದಾರಿಯಲ್ಲಿ ಹೋದ ಕೋರಿಕೆಗಳು ಸೆಕ್‌ಕಾಂಪ್ ಕಣ್ಣಿಗೆ ಬೀಳುವುದಿಲ್ಲ. ಇದರಲ್ಲಿ ಕಂಡುಬಂದ ಭದ್ರತಾ ದೋಷಗಳ ಕಾರಣ ಗೂಗಲ್ 2023ರಲ್ಲಿ ಕ್ರೋಮ್‌ಓಎಸ್‌ನಲ್ಲಿ ಇದನ್ನು ನಿಲ್ಲಿಸಿತು.

ಯಂತ್ರದ ಮಟ್ಟದಲ್ಲಿ ಇಂಟೆಲ್ ರೂಪಿಸಿದ ಫ್ರೆಡ್ ಎಂಬ ಹೊಸ ಪ್ರವೇಶ ವಿಧಾನಕ್ಕೆ ಬೆಂಬಲ 2024ರಲ್ಲಿ ಲಿನಕ್ಸ್ 6.9ಕ್ಕೆ ಸೇರಿತು. ಅದರಲ್ಲಿ ಸ್ಟ್ಯಾಕ್ ಬದಲಾವಣೆಯನ್ನೂ ಜಿಎಸ್ ಅದಲುಬದಲನ್ನೂ ಪ್ರೊಸೆಸರೇ ಒಂದೇ ಅಖಂಡ ಕ್ರಿಯೆಯಾಗಿ ಮಾಡಿಮುಗಿಸುವುದರಿಂದ, ಸ್ವಾಪ್‌ಜಿಎಸ್ ಆದೇಶಕ್ಕೆ ಅಲ್ಲಿ ಎಡೆಯಿಲ್ಲ.